ನೂರಕ್ಕೆ ಐವತ್ತೆಂಟು

ಅಕ್ಕನ ಹಿಟ್ಟಿನ ಗಿರಣಿಯ ಮೋಟಾರು ಎರಡನೆಯ ಸಲವೂ ಸುಟ್ಟುಹೋಯಿತು ಎಂಬ ಸುದ್ದಿ ಬಂದಾಗ ರಿಲೇ ಮೇಷ್ಟ್ರಿಗೆ ಒಳಗೊಳಗೇ ಕೊಂಚ ಸಂತೋಷವಾಯಿತು. ಇದನ್ನು ಯಾರೋ ಹೊಟ್ಟೆಕಿಚ್ಚಿಗೆ ಹೇಳಿದ್ದಲ್ಲ. ಮೇಷ್ಟ್ರೇ ಈಗ ಎದುರಿಗೆ ಕೂತವರಿಗೆಲ್ಲ ಹೇಳಿಕೊಳ್ಳುತ್ತಾರೆ. ಮೊದಲ ಸಲ ಸುಟ್ಟಾಗಲೇ ಅವರು ಅಕ್ಕನಿಗೆ, "ಇದು ಮೋಟಾರಿನ ತಪ್ಪಲ್ಲ, ಓಡಿಸೋನ ತಪ್ಪು. ನೋಡ್ತಾ ಇರು, ಇನ್ನೊಂದು ಸಲ ಸುಡುತ್ತೆ" ಎಂದಿದ್ದರು. ಆಡಿದ ಮಾತು ನಿಜವಾದರೆ ಯಾರಿಗೆ ತಾನೇ ಹಿತವಾಗದು? ಸುಟ್ಟದ್ದು ಒಡಹುಟ್ಟಿದವಳ ಹೊಟ್ಟೆಪಾಡು ಎಂಬುದು ನೆನಪಾಗುವ ಹೊತ್ತಿಗೆ ಅವರು ಅರ್ಧ ದಾರಿ ಬಂದಾಗಿತ್ತು. ಕೈಯಲ್ಲಿ ಟೆಸ್ಟರು, ಮುಖದಲ್ಲಿ ಗೆದ್ದವರ ಗಾಂಭೀರ್ಯ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ದೊಡ್ಡ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಕೊನೆಯ ಹನ್ನೆರಡು ವರ್ಷ ಹೊಸಬರಿಗೆ ಪಾಠ ಹೇಳಿದವರು. ಮೋಟಾರು ತನ್ನ ತ್ರಾಣ ಮೀರಿ ಕರೆಂಟು ಎಳೆಯತೊಡಗಿದರೆ ಅದನ್ನು ಗಮನಿಸಿ, ಸ್ವಲ್ಪ ಹೊತ್ತು ತಾಳಿ ನೋಡಿ, ಆಮೇಲೆ ಸಾಕು ಎಂದು ಲೈನು ಕತ್ತರಿಸುವ ಪುಟ್ಟ ಪೆಟ್ಟಿಗೆಯೊಂದಿದೆ. ಅದೇ ಓವರ್‌ಲೋಡ್ ರಿಲೇ. ಮೇಷ್ಟ್ರಿಗೆ ಈ ಪೆಟ್ಟಿಗೆಯ ಮೇಲೆ ಎಂಥ ಭಕ್ತಿ ಅಂದರೆ, ಮದುವೆಮನೆಯಲ್ಲಿ ಪಕ್ಕದ ಕುರ್ಚಿಗೆ ಯಾರು ಸಿಕ್ಕಿದರೂ, "ದೇವರು ಮನುಷ್ಯನ ಎದೆಯಲ್ಲೂ ಒಂದು ರಿಲೇ ಇಟ್ಟಿದಾನೆ ನೋಡಿ, ಅದಕ್ಕೇ ಮನಸ್ಸಾಕ್ಷಿ ಅನ್ನೋದು" ಎಂದು ಶುರುಮಾಡುತ್ತಿದ್ದರು. ಆ ಕುರ್ಚಿ ಬೇಗ ಖಾಲಿಯಾಗುತ್ತಿತ್ತು. ಹೀಗೆ ಬಂದ ಹೆಸರು ಅದು. ಗೌರವದಿಂದ ಬಂದದ್ದು ಎಂದು ಬಹಳ ಕಾಲ ನಂಬಿದ್ದರು.

ಐದು ತಿಂಗಳ ಹಿಂದೆ ಅಕ್ಕ ಗಿರಣಿಗೆ ಇಪ್ಪತ್ತು ಎಚ್‌ಪಿಯ ಹೊಸ ಮೋಟಾರು ಕೊಂಡಾಗ ಅದಕ್ಕೆ ಸ್ಟಾರ್ಟರು ಆರಿಸುವ ಕೆಲಸವನ್ನು ಮೇಷ್ಟ್ರು ತಾವಾಗಿಯೇ ತಲೆಯ ಮೇಲೆ ಹೊತ್ತುಕೊಂಡರು. ಅಂಥ ಮೋಟಾರನ್ನು ಒಮ್ಮೆಲೇ ಪೂರ್ತಿ ಕರೆಂಟಿಗೆ ಕೊಟ್ಟರೆ ಬೀದಿಯ ದೀಪಗಳೆಲ್ಲ ಕಣ್ಣು ಮುಚ್ಚಿ ತೆರೆಯುತ್ತವೆ, ಬೆಲ್ಟು ಕಿರುಚುತ್ತದೆ. ಅದಕ್ಕೇ ಮೊದಲು ಸ್ಟಾರ್ ಎಂಬ ಜೋಡಣೆಯಲ್ಲಿ ಮೆಲ್ಲಗೆ ಎಬ್ಬಿಸಿ, ವೇಗ ಹಿಡಿದ ಮೇಲೆ ಡೆಲ್ಟಾ ಎಂಬ ಪೂರ್ಣ ಬಲದ ಜೋಡಣೆಗೆ ದಾಟಿಸುವ ಸ್ಟಾರ್ಟರು ಬೇಕು. ಇಷ್ಟನ್ನು ಸರಿಯಾಗಿಯೇ ಆರಿಸಿದರು. ಎಡವಿದ್ದು ರಿಲೇಯಲ್ಲಿ.

ಅಂಗಡಿಯವನು ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇಪ್ಪತ್ತು ಎಚ್‌ಪಿ, ಸ್ಟಾರ್-ಡೆಲ್ಟಾ ಅಲ್ವಾ ಸಾರ್? ಹದಿನಾಲ್ಕರಿಂದ ಇಪ್ಪತ್ಮೂರು ಆಂಪ್ಸ್. ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ."

ಮೇಷ್ಟ್ರು ನಕ್ಕರು. "ಮೋಟಾರಿನ ನೇಮ್‌ಪ್ಲೇಟ್ ಮೇಲೆ ಇಪ್ಪತ್ತೆಂಟು ಅಂತ ಬರೆದಿದೆ. ಇದರಲ್ಲಿ ಇಪ್ಪತ್ತೆಂಟೇ ಇಲ್ವಲ್ಲಪ್ಪ."

"ಹಾಗಲ್ಲ ಸಾರ್, ಸ್ಟಾರ್-ಡೆಲ್ಟಾದಲ್ಲಿ ರಿಲೇಗೆ ಬರೋದು…"

"ಅಂಗಡಿ ಇಟ್ಟು ಎಷ್ಟು ವರ್ಷ ಆಯ್ತು?"

"ಆರು."

"ನಾನು ಮೂವತ್ತೊಂದು."

ಅಲ್ಲಿಗೆ ವಾದ ಮುಗಿಯಿತು. ಆಂಪ್ಸಿಗೆ ವರ್ಷಗಳನ್ನು ಕೂಡಿಸುವ ಸೂತ್ರ ಯಾವ ಪುಸ್ತಕದಲ್ಲಿದೆ ಎಂದು ಮೇಷ್ಟ್ರು ಇಂದಿಗೂ ಹುಡುಕುತ್ತಿದ್ದಾರಂತೆ. ಇಪ್ಪತ್ತರಿಂದ ಮೂವತ್ತೆರಡರವರೆಗಿನ ದೊಡ್ಡ ರಿಲೇ ತಂದು ಕೂರಿಸಿದರು. ಡಯಲನ್ನು ಇಪ್ಪತ್ತೆಂಟಕ್ಕೆ ತಿರುಗಿಸಿ, ಯಾರೂ ಮುಟ್ಟದ ಹಾಗೆ ಅದರ ಮೇಲೆ ಅರಗು ಕರಗಿಸಿ ಬಿಟ್ಟು, ಬಿಸಿ ಆರುವ ಮೊದಲೇ ತಮ್ಮ ಉಂಗುರವನ್ನು ಒತ್ತಿ ಮೊಹರು ಹಾಕಿದರು. ರಾಜರ ಕಾಲದ ಫರ್ಮಾನಿಗೂ ಅಷ್ಟು ಭದ್ರತೆ ಇದ್ದಿರಲಾರದು.

ಗಿರಣಿ ಓಡಿಸುವವನನ್ನು ಎಲ್ಲರೂ ಗಿರಣಿಯಣ್ಣ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದವನು. ಹುಬ್ಬಿನ ಮೇಲೆ, ಕಿವಿಯ ಮಡಿಕೆಯಲ್ಲಿ ಸದಾ ಹಿಟ್ಟು. ಮಾತು ಕಡಿಮೆ, ಏಕೆಂದರೆ ಆ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿರಲಿಲ್ಲ. ಮೋಟಾರು ಬಂದ ತಿಂಗಳಿಗೇ ಅವನು ಮೇಷ್ಟ್ರನ್ನು ಪಕ್ಕಕ್ಕೆ ಕರೆದಿದ್ದ.

"ಮೇಷ್ಟ್ರೇ, ಜೋಳ ಹಾಕಿದಾಗ ಮೋಟಾರು ಬಹಳ ಬಿಸಿ ಆಗ್ತಿದೆ. ಮೇಲೆ ಕೈ ಇಟ್ರೆ ತಕ್ಷಣ ತೆಗೀಬೇಕು."

"ತೆಗಿ ಮತ್ತೆ. ಇಡು ಅಂದೋರು ಯಾರು?"

"ಅಲ್ಲ, ರಿಲೇನ ಸ್ವಲ್ಪ ಕಮ್ಮಿ ಮಾಡಿ ನೋಡೋಣ್ವಾ ಅಂತ."

"ಒಳಗಿನ ತಂತಿ ಮೇಲಿನ ಲೇಪ ನೂರೈವತ್ತೈದು ಡಿಗ್ರಿ ತಡೆಯುತ್ತೆ. ನಿನ್ನ ಕೈ ಐವತ್ತಕ್ಕೇ ಬೇಡ ಅನ್ನುತ್ತೆ. ಈಗ ನಾನು ಯಾರ ಮಾತು ನಂಬಲಿ, ಹೇಳು."

ಗಿರಣಿಯಣ್ಣ ತನ್ನ ಕೈಯನ್ನೊಮ್ಮೆ ನೋಡಿಕೊಂಡು ಹೊರಟುಹೋದ. ಎರಡು ತಿಂಗಳಿಗೆ ಮೋಟಾರು ಸುಟ್ಟಿತು.

ತಮ್ಮ ಮೊಹರಿನ ಕೆಳಗೆ ತಪ್ಪಿರಬಹುದು ಎಂಬ ಯೋಚನೆ ಮೇಷ್ಟ್ರ ತಲೆಯ ಹತ್ತಿರವೂ ಸುಳಿಯಲಿಲ್ಲ. ಬದಲು ಬೇರೆ ಕಾರಣ ಹುಡುಕಿದರು, ಹುಡುಕಿದರೆ ಸಿಗದೇ ಇರುತ್ತದೆಯೇ? ಆ ಸ್ಟಾರ್ಟರಿನಲ್ಲಿ ಹಸಿರು ಬಟನ್ ಒತ್ತಿ ಹಿಡಿದು, ಕಲ್ಲು ವೇಗ ಹಿಡಿಯುವವರೆಗೆ ಹತ್ತು ಎಣಿಸಿ ಬಿಡಬೇಕು, ಬಿಟ್ಟೊಡನೆ ಡೆಲ್ಟಾ. ಬೇಗ ಬಿಟ್ಟರೆ ಮೋಟಾರಿಗೆ ಹೊಡೆತ. "ಇವನು ಬೇಗ ಎಣಿಸ್ತಾನೆ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಕೊಟ್ಟು ಸುಮ್ಮನಿರಲಿಲ್ಲ, ಡಬ್ಬ ಹಿಡಿದು ಸಾಲಿನಲ್ಲಿ ನಿಂತವರಿಗೂ ಹೇಳಿದರು. ಅಂದಿನಿಂದ ಆ ಸಾಲಿಗೆ ಒಳ್ಳೆಯ ಕಾಲಕ್ಷೇಪ ಸಿಕ್ಕಿತು.

"ನಾನು ಅವನ ತುಟಿ ನೋಡಿದೀನಿ. ಆರು ಆದ್ಮೇಲೆ ಎಂಟಕ್ಕೆ ಹೋಗ್ತಾನೆ" ಎಂದಳು ಮೂಲೆಮನೆಯ ಅಜ್ಜಿ.

ಪಾಪ, ಗಿರಣಿಯಣ್ಣ ಜೋರಾಗಿ ಎಣಿಸತೊಡಗಿದ. ಐವತ್ತು ದಾಟಿದ ಮನುಷ್ಯ ಎಲ್ಲರ ಮುಂದೆ ಒಂದು, ಎರಡು, ಮೂರು ಎಂದು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಹೇಳುತ್ತಿದ್ದರೆ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುತ್ತಿದ್ದರು. ತಂತಿ ಹೊಸದಾಗಿ ಸುತ್ತಿಸಿ ತಂದ ಮೋಟಾರು ಅಷ್ಟು ನಿಧಾನದ ಎಣಿಕೆಗೂ ಬಗ್ಗದೆ ಮತ್ತೆ ಎರಡು ತಿಂಗಳಿಗೆ ಸುಟ್ಟಿತು.

ಆಗ ಅಕ್ಕ ಸೋತಳು. "ಈ ಶನಿವಾರದವರೆಗೆ ಇರು, ಆಮೇಲೆ ಬೇರೆ ಕಡೆ ನೋಡ್ಕೋ" ಎಂದು ಗಿರಣಿಯಣ್ಣನಿಗೆ ಹೇಳಿಬಿಟ್ಟಳು. ಹೇಳುವಾಗ ಅವಳು ಗೋಡೆ ನೋಡುತ್ತಿದ್ದಳು. ಅವನು ಎರಡು ಗಿರಣಿಗಳಲ್ಲಿ ಕೇಳಿ ಬಂದ. ಎರಡು ಸಲ ಮೋಟಾರು ಸುಟ್ಟವನು ನೀನೇ ಏನಪ್ಪ ಎಂದರಂತೆ. ಮೂರನೆಯ ಕಡೆ, ಮೂಟೆ ಹೊರುವ ಕೆಲಸವಾದರೆ ಸೋಮವಾರದಿಂದ ಬಾ ಅಂದರು.

ಮತ್ತೆ ತಂತಿ ಸುತ್ತಿಸಿದ ಮೋಟಾರು ಶುಕ್ರವಾರ ಬಂದು ಕೂತಿತು. ಗಿರಣಿಯಣ್ಣ ಹೋಗುವ ಮೊದಲು ಅವನ ತಪ್ಪನ್ನು ಅಕ್ಕನಿಗೆ ಕಣ್ಣಾರೆ ತೋರಿಸಿಬಿಡೋಣ ಎಂದು ಮೇಷ್ಟ್ರಿಗೆ ಅನಿಸಿತು. ಹಾಗೆ ಮಾಡಿದರೆ ಅಕ್ಕನ ಮನಸ್ಸಿಗೂ ಸಮಾಧಾನ ಎಂದು ತಮಗೆ ತಾವೇ ಹೇಳಿಕೊಂಡು ಟಾಂಗ್ ಟೆಸ್ಟರ್ ತಂದರು. ಇಕ್ಕಳದ ಹಾಗೆ ಬಾಯಿ ತೆರೆದು ತಂತಿಯನ್ನು ಸುತ್ತುವರಿದು, ಒಳಗೆ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಅಂಕಿ ತೋರಿಸುವ ಉಪಕರಣ ಅದು.

ಗಿರಣಿಯಣ್ಣ ಹತ್ತು ಎಣಿಸಿ ಬಟನ್ ಬಿಟ್ಟ. ಜೋಳ ಸುರಿದ. ಮೇಷ್ಟ್ರು ಮುಖ್ಯ ಲೈನಿಗೆ ಟೆಸ್ಟರು ಹಾಕಿದರು. ಮೂವತ್ತಾರು.

"ನೋಡಿದೆಯಾ ಅಕ್ಕ, ಇಪ್ಪತ್ತೆಂಟು ಎಳೀಬೇಕಾದ ಮೋಟಾರು ಮೂವತ್ತಾರು ಎಳೀತಿದೆ. ಕಾಳು ಜಾಸ್ತಿ ಬಿಟ್ಟಿದಾನೆ. ಈಗ ನನ್ನ ರಿಲೇ ಕೆಲಸ ನೋಡು, ಇನ್ನೇನು ಕತ್ತರಿಸುತ್ತೆ."

ಕಾದರು. ಗಿರಣಿ ಓಡುತ್ತಲೇ ಇತ್ತು. ಹತ್ತು ನಿಮಿಷವಾಯಿತು.

"ಯಾವಾಗ ಕತ್ತರಿಸುತ್ತೆ?" ಅಕ್ಕ ಕೂಗಿ ಕೇಳಿದಳು.

"ತಾಳು, ಅದು ಯೋಚನೆ ಮಾಡಿ ಕತ್ತರಿಸುತ್ತೆ."

"ಏನು ಯೋಚನೆಯೋ. ನೀನು ತರಕಾರಿ ತರೋಕೆ ಹೋದ ಹಾಗಾಯ್ತು."

ಕಾಲು ಗಂಟೆಯಾದರೂ ರಿಲೇ ಅಲುಗಲಿಲ್ಲ. ಕೆಟ್ಟಿದೆಯೋ ಏನೋ ಎಂದು ಮೇಷ್ಟ್ರು ಪೆಟ್ಟಿಗೆಯೊಳಗೆ ಬಗ್ಗಿ ಟೆಸ್ಟರನ್ನು ರಿಲೇಯಿಂದ ಹೊರಟ ತಂತಿಗೆ ಹಾಕಿದರು. ಇಪ್ಪತ್ತೊಂದು.

ಟೆಸ್ಟರನ್ನು ಅಲ್ಲಾಡಿಸಿದರು. ತೆಗೆದು ಮತ್ತೆ ಹಾಕಿದರು. ಪಕ್ಕದ ತಂತಿಗೆ ಹಾಕಿದರು. ಅಲ್ಲೂ ಇಪ್ಪತ್ತೊಂದು. ಆಗ ಕಣ್ಣ ಮುಂದೆ ಬಂದದ್ದು ಕಾರ್ಖಾನೆಯ ತರಗತಿಯ ಕಪ್ಪು ಹಲಗೆ, ಅದರ ಮೇಲೆ ತಾವೇ ಸೀಮೆಸುಣ್ಣದಲ್ಲಿ ಬರೆದ ತ್ರಿಕೋನ. ಡೆಲ್ಟಾ ಅಂದರೆ ಅದೇ ತ್ರಿಕೋನ. ಹೊರಗಿನಿಂದ ಬಂದ ಪ್ರತಿಯೊಂದು ತಂತಿಯ ಕರೆಂಟೂ ತ್ರಿಕೋನದ ಮೂಲೆಯಲ್ಲಿ ಎರಡು ದಾರಿಗೆ ಕವಲೊಡೆಯುತ್ತದೆ. ಎರಡರ ಅಲೆಗಳೂ ಒಟ್ಟಿಗೆ ಏರಿಳಿಯದ ಕಾರಣ ಸರಿಯಾಗಿ ಅರ್ಧವಲ್ಲ, ಕವಲಿನ ಒಂದೊಂದು ದಾರಿಗೆ ಸಿಗುವುದು ನೂರಕ್ಕೆ ಐವತ್ತೆಂಟು ಮಾತ್ರ. ಕಾರ್ಖಾನೆಯಲ್ಲಿ ರಿಲೇ ಇದ್ದದ್ದು ಕವಲಿಗೆ ಮೊದಲು, ಮುಖ್ಯ ಲೈನಿನಲ್ಲಿ. ಅಲ್ಲಿ ಇಪ್ಪತ್ತೆಂಟೆಂದರೆ ಇಪ್ಪತ್ತೆಂಟೇ. ಇಲ್ಲಿ ಅದು ಇದ್ದದ್ದು ಕವಲಿನ ಆಚೆ. ಹದಿನಾರಕ್ಕೆ ಇಡಬೇಕಿತ್ತು. ಇದನ್ನು ಅವರು ನಾನೂರು ಜನಕ್ಕೆ ಕಲಿಸಿದ್ದರು; ಬಾಯಿಪಾಠ ಒಪ್ಪಿಸದವರನ್ನು ನಿಲ್ಲಿಸಿದ್ದರು. ಕೈ ಮಾತ್ರ ಮೂವತ್ತೊಂದು ವರ್ಷದ ಅಭ್ಯಾಸದ ಹಿಂದೆ ಹೋಗಿತ್ತು. ಮೋಟಾರು ನಲವತ್ತೆಂಟು ಆಂಪ್ಸ್ ಎಳೆಯುವ ತನಕ ತುಟಿ ಬಿಚ್ಚಬೇಡ ಎಂದು ರಿಲೇಗೆ ಅಪ್ಪಣೆ ಮಾಡಿ, ಮೇಲೆ ಮೊಹರನ್ನೂ ಹಾಕಿದ್ದರು.

"ನಿಲ್ಲಿಸು" ಎಂದರು. ಗಿರಣಿ ನಿಂತಿತು.

"ಏನಾಯ್ತೋ, ಮುಖ ಹೀಗಾಗಿದೆ?" ಅಕ್ಕ ಹತ್ತಿರ ಬಂದಳು. "ಅವನದೇ ತಪ್ಪು ತಾನೆ?"

ಇಲ್ಲಿ ಮೇಷ್ಟ್ರು ಸತ್ಯ ಹೇಳಿದ್ದರೆ ಕಥೆ ಶುಕ್ರವಾರಕ್ಕೇ ಮುಗಿಯುತ್ತಿತ್ತು. ಅವರು ಕೆಮ್ಮಿದರು. "ಹಿಟ್ಟಿನ ಧೂಳು" ಎಂದರು. "ನಾಳೆ ಬಂದು ಇನ್ನೊಂದು ಸಲ ನೋಡ್ತೀನಿ. ಅಲ್ಲೀವರೆಗೆ ಕಾಳು ಅರ್ಧಕ್ಕರ್ಧ ಬಿಡಿ ಸಾಕು."

ಅಕ್ಕ ಅತ್ತ ತಿರುಗಿದೊಡನೆ ಮೇನ್ ಆಫ್ ಮಾಡಿ, ಸ್ಕ್ರೂಡ್ರೈವರಿನಿಂದ ಅರಗನ್ನು ಕೆತ್ತತೊಡಗಿದರು. ಗುಟ್ಟಾಗಿ ಹದಿನಾರಕ್ಕೆ ತಿರುಗಿಸಿಬಿಟ್ಟರೆ ಪ್ರಪಂಚದಲ್ಲಿ ಯಾರಿಗೂ ತಿಳಿಯದು. ಅರಗು ಸುಲಭಕ್ಕೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ಹಾಕಿದ್ದರು. ಕೊನೆಗೂ ಚೂರುಚೂರಾಗಿ ಉದುರಿದಾಗ ಡಯಲಿನಲ್ಲಿ ಹದಿನಾರೇ ಇರಲಿಲ್ಲ. ಅತಿ ಕಡಿಮೆ ಅಂದರೆ ಇಪ್ಪತ್ತು. ಕಳ್ಳತನ ಮಾಡಲೂ ಸರಿಯಾದ ಸಾಮಾನು ಆರಿಸಿರಬೇಕು ಎಂಬುದು ಆಗ ಹೊಳೆಯಿತು. ತಲೆ ಎತ್ತಿದರೆ ಗಿರಣಿಯಣ್ಣ ಜರಡಿ ಹಿಡಿದು ನಿಂತು ನೋಡುತ್ತಿದ್ದ. ಏನಾದರೂ ಕೇಳಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರು ದೇವರ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಕಣ್ಣು ಮುಚ್ಚಿದರೆ ತ್ರಿಕೋನ. ಮೊದಲು ಅಕ್ಕನ ಆರೋಗ್ಯ ಬೇಡಿದರು. ಆಮೇಲೆ ಲೋಕಕ್ಕೆಲ್ಲ ಒಳಿತು ಬೇಡಿದರು. ಲೋಕ ದೊಡ್ಡದು, ಅದರಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿರುತ್ತದೆ. ಕೊನೆಗೆ, ಸ್ವಾಮಿ, ಗಿರಣಿಯಣ್ಣನಿಗೆ ಇದಕ್ಕಿಂತ ದೊಡ್ಡ ಗಿರಣಿಯಲ್ಲಿ, ಇದಕ್ಕಿಂತ ಒಳ್ಳೆಯ ಕೆಲಸ ಕೊಡು ಎಂದರು. ಅಷ್ಟು ಉದಾರವಾದ ಪ್ರಾರ್ಥನೆಯನ್ನು ಅವರು ಹಿಂದೆಂದೂ ಮಾಡಿರಲಿಲ್ಲ. ದೇವರು ಎಂದಿನಂತೆ ಶಾಂತವಾಗಿದ್ದ. ಅವನ ಆ ಶಾಂತಿ ಮೇಷ್ಟ್ರಿಗೆ ಮೊದಲ ಬಾರಿಗೆ ಕಷ್ಟವಾಯಿತು.

ಮನೆಯಾಕೆ ಚಹಾ ತಂದಿಟ್ಟಳು. "ಇವತ್ತು ಬಹಳ ಹೊತ್ತಾಯ್ತು. ಏನು ಬೇಡಿದ್ರಿ?"

"ಗಿರಣಿಯಣ್ಣನಿಗೆ ಒಳ್ಳೇ ಕೆಲಸ ಸಿಗಲಿ ಅಂತ."

"ಇದ್ದ ಕೆಲಸ ಯಾಕೆ ಹೋಯ್ತು?"

"ಮೋಟಾರು ಸುಟ್ಟುಹೋಯ್ತಲ್ಲ."

"ಯಾಕೆ ಸುಟ್ಟುಹೋಯ್ತು?"

ಮೇಷ್ಟ್ರು ಚಹಾ ಊದಿದರು. ಅದು ಆಗಲೇ ಆರಿತ್ತು.

"ಮದುವೆ ಆದಾಗಿನಿಂದ ನೋಡ್ತಿದೀನಿ," ಎಂದಳು ಆಕೆ, "ತಪ್ಪು ಬೇರೆಯವರದಾದ್ರೆ ನೀವು ಒಂದು ಗಂಟೆ ಮಾತಾಡ್ತೀರಿ. ಹೀಗೆ ಸುಮ್ಮನಾದ್ರಿ ಅಂದ್ರೆ ತಪ್ಪು ನಮ್ಮ ಮನೇದೇ. ದೇವರಿಗೆ ಗಿರಣಿ ಹುಡುಕೋ ಕೆಲಸ ಹಚ್ಚೋದು ಬಿಟ್ಟು ನೀವೇ ಹೋಗಿಬನ್ನಿ. ಬಸ್ಸಿಗೆ ಮೂರೇ ಸ್ಟಾಪು."

ದಾರಿಯಲ್ಲಿ ಅಂಗಡಿಗೆ ಹೋದರು. ಅಂಗಡಿಯವನು ಇವರ ಮುಖ ನೋಡಿದವನೇ ಏನೂ ಕೇಳದೆ ಹದಿನಾಲ್ಕರಿಂದ ಇಪ್ಪತ್ಮೂರರ ರಿಲೇ ತೆಗೆದು ಮೇಜಿನ ಮೇಲಿಟ್ಟ.

"ಹಳೇದು ಕೆಟ್ಟೋಯ್ತಾ ಸಾರ್?"

"ಹಳೇದು ಚೆನ್ನಾಗೇ ಇದೆ. ಆರಿಸಿದವನು ಸರಿ ಇಲ್ಲ."

"ಅದಕ್ಕೆ ನಮ್ಮಲ್ಲಿ ಗ್ಯಾರಂಟಿ ಇಲ್ಲ ಸಾರ್" ಎಂದ ಅವನು, ಪೊಟ್ಟಣ ಕಟ್ಟುತ್ತ, ನಗದೆ.

ಗಿರಣಿಯಲ್ಲಿ ಏಳೆಂಟು ಜನ ಸಾಲಾಗಿ ನಿಂತಿದ್ದರು. ಕಾಳು ಅರ್ಧಕ್ಕರ್ಧ ಬಿಡುತ್ತಿದ್ದುದರಿಂದ ಸಾಲು ಸರಿಯುತ್ತಿರಲಿಲ್ಲ. ಒಳಗೆ ಕಿಟಕಿಯ ಮೇಲೆ ಗಿರಣಿಯಣ್ಣನ ಬಾಚಣಿಗೆ, ಕನ್ನಡಿಯ ಚೂರು, ನೀರಿನ ಬಾಟಲಿ ಒಂದು ಚೀಲದೊಳಗೆ ಸೇರಿದ್ದವು. ಹತ್ತೊಂಬತ್ತು ವರ್ಷಕ್ಕೆ ಅಷ್ಟೇ ಸಾಮಾನು. ಬಸ್ಸಿನಲ್ಲಿ ಮೇಷ್ಟ್ರು ಒಂದು ಭಾಷಣ ಸಿದ್ಧಮಾಡಿಕೊಂಡಿದ್ದರು. ಅದರಲ್ಲಿ ಕಾರ್ಖಾನೆಯ ಪದ್ಧತಿ, ತಯಾರಕರ ಚಿತ್ರದ ಅಸ್ಪಷ್ಟತೆ, ಜೋಳದ ತೇವ, ಎಲ್ಲಕ್ಕೂ ಪಾಲು ಹಂಚಿದ್ದರು.

ಗಿರಣಿ ನಿಲ್ಲಿಸಲು ಹೇಳಿ ಶುರುಮಾಡಿದರು. "ಅಕ್ಕ, ತಾಂತ್ರಿಕವಾಗಿ ನೋಡಿದ್ರೆ ಈ ಪ್ರಕರಣದಲ್ಲಿ ಹಲವು ಅಂಶಗಳು…"

"ಮನುಷ್ಯರ ಮಾತಲ್ಲಿ ಹೇಳೋ."

ಭಾಷಣ ಎಲ್ಲಿಗೋ ಹೋಯಿತು. "ನಾನು ಸುಟ್ಟೆ" ಎಂದರು.

"ಏನನ್ನ?"

"ಮೋಟಾರನ್ನ. ಎರಡು ಸಲಾನೂ."

ಸಾಲಿನಲ್ಲಿ ಒಬ್ಬರು ಡಬ್ಬವನ್ನು ನೆಲಕ್ಕಿಟ್ಟ ಸದ್ದು ಕೇಳಿತು. ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ಮೂಲೆಮನೆಯ ಅಜ್ಜಿ ಮುಂದೆ ಬಂದಳು. "ಹಾಗಾದ್ರೆ ಇವನು ಎಣಿಸಿದ್ದು ಸರಿ ಇತ್ತಾ?"

"ಸರಿ ಇತ್ತು."

"ಮತ್ತೆ ಅವನ ತುಟಿ ನೋಡು ಅಂತ ನನಗೆ ಹೇಳಿದ್ದು ನೀವೇ ಅಲ್ವಾ?"

"ನಾನೇ."

"ನೋಡಿ ನೋಡಿ ನನಗೆ ಏಳು ಕೇಳಿಸದೇ ಹೋಯ್ತಲ್ಲಪ್ಪ" ಎಂದು ಅಜ್ಜಿ ಹಿಂದೆ ಸರಿದಳು.

ಅಕ್ಕ ಮೆಲ್ಲಗೆ ಕೇಳಿದಳು. "ನಿನ್ನೆಯೇ ಗೊತ್ತಾಗಿತ್ತಾ?"

"ನಿನ್ನೆಯೇ."

"ನಿದ್ದೆ ಬಂತಾ?"

"ಇಲ್ಲ."

"ಒಳ್ಳೇದಾಯ್ತು. ಅವನು ಎರಡು ತಿಂಗಳಿಂದ ಮಾಡಿಲ್ಲ." ಗಿರಣಿಯಣ್ಣನ ಕಡೆ ಕೈ ತೋರಿಸಿ, "ನನಗೆ ಹೇಳಿದ್ದು ಸಾಕು. ಅವನಿಗೆ ಹೇಳು" ಎಂದಳು.

ಮೇಷ್ಟ್ರು ತಿರುಗಿದರು. ಗಿರಣಿಯಣ್ಣ ಬೆಲ್ಟಿನ ಪಕ್ಕ ನಿಂತಿದ್ದ. ನಾನೂರು ಜನಕ್ಕೆ ಪಾಠ ಹೇಳಿದ ಬಾಯಿಂದ ಒಬ್ಬ ಮನುಷ್ಯನ ಮುಂದೆ, "ತಪ್ಪಾಯ್ತು. ನೀವು ಹೇಳಿದಾಗ ಕೇಳಬೇಕಿತ್ತು" ಎಂದಷ್ಟೇ ಬಂತು.

ಗಿರಣಿಯಣ್ಣ ಪೆಟ್ಟಿಗೆಯ ಹತ್ತಿರ ಬಂದ. "ಎಲ್ಲಿ ತಪ್ಪಿತು, ತೋರಿಸಿ."

ಮೇಷ್ಟ್ರು ಸ್ಟಾರ್ಟರು ಪೆಟ್ಟಿಗೆಯ ಬಾಗಿಲ ಮೇಲೆ ಕೂತಿದ್ದ ಹಿಟ್ಟಿನಲ್ಲಿ ಬೆರಳಿನಿಂದ ತ್ರಿಕೋನ ಬರೆದರು. ಕರೆಂಟು ಬರುವ ದಾರಿ, ಕವಲು, ರಿಲೇ ಕೂತ ಜಾಗ ಎಲ್ಲ ತೋರಿಸಿದರು. ಅವನು ಬಗ್ಗಿ ನೋಡಿದ, ತನ್ನ ಬೆರಳನ್ನೂ ಗೆರೆಯ ಮೇಲೆ ಒಮ್ಮೆ ಆಡಿಸಿದ.

"ಅಂದ್ರೆ ಸೋರೋ ಕಡೆ ಬಿಟ್ಟು ಬೇರೆ ಕಡೆ ಬಕೆಟ್ ಇಟ್ಟ ಹಾಗೆ."

ಹನ್ನೆರಡು ವರ್ಷ ಪಾಠ ಹೇಳಿದರೂ ಮೇಷ್ಟ್ರಿಗೆ ಅಷ್ಟು ಸರಳವಾಗಿ ಹೇಳಲು ಬಂದಿರಲಿಲ್ಲ. "ಹಾಗೇ" ಎಂದರು.

"ಆವತ್ತೇ ಕಮ್ಮಿ ಮಾಡಿದ್ದಿದ್ರೆ?"

"ಒಂದು ಸಲಾನೂ ಸುಡ್ತಿರಲಿಲ್ಲ."

ಗಿರಣಿಯಣ್ಣ ತಲೆಯಾಡಿಸಿ ಅಕ್ಕನ ಕಡೆ ನೋಡಿದ. "ಅಮ್ಮ, ಸೋಮವಾರ ಬರ್ತೀನಿ ಅಂತ ಅಲ್ಲಿ ಮಾತು ಕೊಟ್ಟುಬಿಟ್ಟಿದೀನಿ."

ಅಕ್ಕನ ಮುಖ ಇಳಿಯಿತು. "ಬರಲ್ಲ ಅಂತ ಹೇಳಿಬಿಡು. ನಾನಾಗೇ ಕೇಳ್ತಿದೀನಿ. ಇವನ ಮಾತು ಕಟ್ಕೊಂಡು ನಿನಗೆ ಹಾಗಂದೆ. ನನ್ನ ತಪ್ಪೇನು ಸಣ್ಣದಲ್ಲ."

ಅವನು ಕಿಟಕಿಯ ಹತ್ತಿರದ ತನ್ನ ಚೀಲವನ್ನೊಮ್ಮೆ ನೋಡಿದ.

"ಇರ್ತೀನಿ. ಆದ್ರೆ ಒಂದು ಮಾತು," ಎಂದ ಕೊನೆಗೆ. "ಹೆಚ್ಚಾಯ್ತು ಅಂತ ನನಗೆ ಅನ್ಸಿದ್ರೆ ನಿಲ್ಲಿಸ್ತೀನಿ. ಹೊರಗೆ ಎಷ್ಟೇ ಜನ ಇರ್ಲಿ, ನೀವು ಬೇಗ ಬೇಗ ಅನ್ಬಾರ್ದು."

"ಅನ್ನಲ್ಲ."

"ಇವರೂ ಏನೂ ಅನ್ಬಾರ್ದು."

"ಇವನ ಬಾಯಿಗೆ ನಾನು ಜವಾಬ್ದಾರಿ" ಎಂದಳು ಅಕ್ಕ.

ಹೊಸ ರಿಲೇ ಕೂತಿತು. ಹದಿನಾರಕ್ಕೆ ತಿರುಗಿಸಿದ್ದು ಗಿರಣಿಯಣ್ಣ. ಮೇಷ್ಟ್ರು ಟಾರ್ಚ್ ಹಿಡಿದರು. ನೋಡಿಯೇಬಿಡೋಣ ಎಂದು ಜೋಳವನ್ನು ಬೇಕೆಂದೇ ಹೆಚ್ಚು ಬಿಟ್ಟರು. ಕಲ್ಲು ಗೊಣಗಿತು, ಟೆಸ್ಟರು ಮೂವತ್ತಾರು ತೋರಿಸಿತು, ಕೆಲವು ನಿಮಿಷ ಕಳೆಯಿತು, ಟಕ್ಕೆಂದು ಎಲ್ಲ ನಿಂತಿತು. ಒಂದು ಕೆಲಸ ನಿಂತುಹೋದದ್ದಕ್ಕೆ ಮೇಷ್ಟ್ರ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ಈ ಸಲ ಧೂಳು ಎಂದು ಹೇಳಲು ಹೋಗಲಿಲ್ಲ.

ರಿಲೇ ಆರುವವರೆಗೆ ಮತ್ತೆ ಚಾಲೂ ಮಾಡುವ ಹಾಗಿರಲಿಲ್ಲ. ಕಲ್ಲಿನ ಬಾಯಲ್ಲಿ ಜೋಳ ಗಟ್ಟಿಯಾಗಿ ಕೂತಿತ್ತು. ಗಿರಣಿಯಣ್ಣ ಮೇನ್ ಆಫ್ ಮಾಡಿ, ಮೂರು ಫ್ಯೂಸುಗಳನ್ನೂ ಕಿತ್ತು ಮೇಷ್ಟ್ರ ಕೈಗೆ ಕೊಟ್ಟ. "ಇವನ್ನ ಜೇಬಿಗೆ ಹಾಕ್ಕೊಂಡು ಆಮೇಲೆ ಒಳಗೆ ಕೈ ಹಾಕಿ. ಕಾಳೆಲ್ಲ ತೆಗೀರಿ. ಮೂಲೇಲಿ ಬ್ರಶ್ ಇದೆ."

ಮೇಷ್ಟ್ರು ಜೇಬಿಗೆ ಹಾಕಿಕೊಂಡರು. ಮಂಡಿಯೂರಿ ಕೂತು ಕಾಳು ತೋಡತೊಡಗಿದರು.

"ಅಲ್ಲಲ್ಲ, ಈ ಕಡೆಯಿಂದ."

ಈ ಕಡೆಯಿಂದ ತೋಡತೊಡಗಿದರು. ಆಗಷ್ಟೇ ಬಂದ ಹೆಂಗಸೊಬ್ಬಳು ಗೋಧಿಯ ಡಬ್ಬ ಸೊಂಟಕ್ಕಿಟ್ಟುಕೊಂಡು ಒಳಗೆ ಇಣುಕಿದಳು. ತಲೆಯಿಂದ ಕಾಲಿನವರೆಗೆ ಹಿಟ್ಟು ಹೊದ್ದ ಮುದುಕರನ್ನು ನೋಡಿ, "ಹೊಸಬರನ್ನ ಇಟ್ಕೊಂಡ್ರಾ?" ಎಂದು ಕೇಳಿದಳು.

"ಹೂಂ," ಎಂದ ಗಿರಣಿಯಣ್ಣ, ಬೆಲ್ಟಿನಿಂದ ತಲೆ ಎತ್ತದೆ. "ಸ್ವಲ್ಪ ವಯಸ್ಸಾಗಿದೆ. ಈಗೀಗ ಹೇಳಿದ್ದು ಕೇಳ್ತಾರೆ."